ಭಟ್ಟಿ ಮನೆಯ ಗಚ್ಚು

ಮಳೆಗಾಲದ ತಂಪಿಗೆ ಡಬ್ಬಿಯಲ್ಲಿದ್ದ ಬೆಲ್ಲ ಕರಗಿ ಹುಳಿವಾಸನೆ ಹಿಡಿದಿತ್ತು. ಹೆಂಡತಿ ಎಸೆಯಲು ಹೊರಟರೆ ನಾನು ಮೂಗರಳಿಸಿ ನಿಂತೆ. ನೀವು ತಪ್ಪು ತಿಳಿಯಬೇಡಿ, ನನಗೆ ಚಹಾ ಬಿಟ್ಟರೆ ಬೇರೆ ಚಟವಿಲ್ಲ. ಆ ವಾಸನೆಗೆ ನೆನಪಾದದ್ದು ರಾಯಚೂರು ಕಡೆಯ ಜಾಲಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ಮನೆ.

ಊರಿಗೆಲ್ಲ ಅದು ಭಟ್ಟಿ ಮನೆ. ನಿಜಾಮರ ಕಾಲದಲ್ಲಿ ಅತ್ತೆಯ ಗಂಡನ ಅಜ್ಜ ಗುತ್ತಿಗೆ ಹಿಡಿದು ಅಲ್ಲಿ ಇಪ್ಪೆ ಹೂವಿನ ಸಾರಾಯಿ ಇಳಿಸುತ್ತಿದ್ದರಂತೆ. ಭಟ್ಟಿ ಆರಿ ತಲೆಮಾರು ಕಳೆದರೂ ಹೆಸರು ಹೋಗಲಿಲ್ಲ. ಶ್ರಾವಣದಲ್ಲಿ ಅತ್ತೆ ಅರಿಷಿಣ-ಕುಂಕುಮಕ್ಕೆ ಕರೆದರೆ ಓಣಿಯ ಹೆಂಗಸರು ನಗುನಗುತ್ತಲೇ ಬಂದು, ಹೊಸಿಲ ಹೊರಗೇ ನಿಂತು ಹಚ್ಚಿಸಿಕೊಂಡು ಹೋಗುತ್ತಿದ್ದರು. ಅವರೊಮ್ಮೆ ಒಳಗೆ ಬಂದು ಕೂರಲಿ ಎಂಬುದೊಂದೇ ಅವಳ ಆಸೆ.

ಮನೆ ಸೋರತೊಡಗಿದಾಗ ಮಾವ ಕೆಡವಿ ಸಿಮೆಂಟಿನದು ಕಟ್ಟೋಣವೆಂದರು. ಓಣಿಯವರು ಬಂದರೆ ಇದೇ ಮನೆಗೆ ಬರಲಿ, ಹೆಸರಿಗೆ ಹೆದರಿ ಯಾಕೆ ಕೆಡವಬೇಕು ಎಂದು ಅತ್ತೆ ಹಟ ಹಿಡಿದಳು. ಮಾನ್ವಿಯಿಂದ ಗಾರೆ ಕೆಲಸದ ಗೌಂಡಿ ಬಂದ. ಸುಣ್ಣದ ಗಚ್ಚಿಗೆ ಬೆರೆಸಲು ಬೆಲ್ಲ, ಅಳಲೆಕಾಯಿಗಳನ್ನು ಗಡಿಗೆಗಳಲ್ಲಿ ನೆನೆಹಾಕಿ ಹುಳಿಯಲು ಬಿಟ್ಟ. ವಾಸನೆ ಓಣಿ ದಾಟಿತು.

ರಿಪೇರಿಯ ಫೋಟೋ ತೆಗೆಯಲೆಂದು ಹೋದ ನಾನು ಆ ಮುಂಜಾನೆ ಅಲ್ಲೇ ಇದ್ದೆ. ಹಿಂದೊಮ್ಮೆ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದ್ದ ಈರಮ್ಮಜ್ಜಿ ಮುಂದೆ, ಹೆಂಗಸರು ಹಿಂದೆ, ಎಲ್ಲರ ಕೈಯಲ್ಲೂ ಒನಕೆ, ಸೀದಾ ನಡುಮನೆಗೇ ನುಗ್ಗಿದರು. ನಾನು ಫೋನು ಜೇಬಿಗಿಳಿಸಿ ಬಾಗಿಲ ಸಂದಿ ಸೇರಿದೆ.

“ಮತ್ತ ಭಟ್ಟಿ ಹಚ್ಚೀರೇನು?” ಎಂದಳು ಈರಮ್ಮಜ್ಜಿ.

ಅತ್ತೆ ಹೊಸಿಲು ದಾಟಿ ಬಂದ ಅವರ ಕಾಲುಗಳನ್ನು ನೋಡಿದಳು. ಆಮೇಲೆ ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

“ಗಡಿಗಿ ಆಮ್ಯಾಲ ಒಡೀರಂತ. ಒಳಗ ಬಂದೀರಲ್ಲ, ಮೊದ್ಲ ಕುಂದರ್ರಿ,” ಎಂದು ಚಾಪೆ ಹಾಸಿಯೇಬಿಟ್ಟಳು.

ಗೌಂಡಿ ಗೋಡೆಗೆ ಬಳಿಯುವ ಗಚ್ಚಿನ ಸಂಗತಿ ಬಿಡಿಸಿ ಹೇಳಿದ. ಈರಮ್ಮಜ್ಜಿ ನಂಬದೆ ಗಡಿಗೆಗೆ ಬೆರಳದ್ದಿ ನೆಕ್ಕಿ ಮುಖ ಕಿವುಚಿದಳು. ಅಳಲೆಯ ಒಗರೇ ಅಂಥದ್ದು.

“ಗ್ವಾಡಿ ಕುಡದ್ರ ಕುಡೀಲಿ ಬಿಡು. ಹೆಂಡ್ತೀನ ಹೊಡ್ಯಂಗಿಲ್ಲ,” ಎಂದು ಒನಕೆ ಮೂಲೆಗಿಟ್ಟಳು.

ನಗುವಿನ ನಡುವೆ ಅತ್ತೆ ಕುಂಕುಮದ ಬಟ್ಟಲು ತಂದಳು. ಈರಮ್ಮಜ್ಜಿ ಕೂತಲ್ಲಿಂದಲೇ ಹಣೆ ಒಡ್ಡಿದಳು.

ಇದೆಲ್ಲ ನೆನಪಾದ ಮೇಲೆ ಸುಮ್ಮನಿರಲಾಗದೆ ನಿನ್ನೆ ರಾಯಚೂರಿನಿಂದ ಬಸ್ಸು ಹತ್ತಿದೆ. ಊರಿಗೆ ಅದು ಇಂದಿಗೂ ಭಟ್ಟಿ ಮನೆಯೇ. ನಡುಮನೆ ತುಂಬ ಹೆಂಗಸರು, ಬತ್ತಿ ಹೊಸೆಯುತ್ತ ಮಾತಿನಲ್ಲಿ ಮುಳುಗಿದ್ದರು. ಕಾಲಿಡಲು ಜಾಗವಿರಲಿಲ್ಲ.

“ಸ್ವಲ್ಪ ಹೊರಗ ನಿಲ್ಲಪಾ,” ಎಂದಳು ಅತ್ತೆ.

ನಿಂತೆ. ಹೊಸಿಲ ಹೊರಗೆ ನಿಲ್ಲುವುದರಲ್ಲಿ ಇಷ್ಟೊಂದು ಸುಖವಿದೆಯೆಂದು ನನಗೆ ಗೊತ್ತಿರಲಿಲ್ಲ.