ಹರಿಯದೆ ಉಳಿದ ಕಾರ್ಡು

ಗಂಗಾವತಿಯ ಅಕ್ಕಿ ಗಿರಣಿ ಸಾಹುಕಾರರೊಬ್ಬರು ಮನೆತನದ ಹಳೆಯ ಫೋಟೊ, ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿಸಲು ನನ್ನನ್ನು ಕರೆಸಿದ್ದರು. "ಒಂದು ಚೂರೂ ಹಾಳಾಗಬಾರದು ನೋಡ್ರಿ. ನಾವು ಮೂರು ಮಂದಿ ಅಣ್ಣತಮ್ಮರು, ಮೂರು ಪೆನ್‌ಡ್ರೈವ್ ಮಾಡ್ರಿ" ಎಂದು ಎರಡು ಟ್ರಂಕು ಮುಂದಿಟ್ಟು ಗಿರಣಿಗೆ ಹೋದರು.

ನಾಲ್ಕು ದಿನ ಕೂತೆ. ಕಾಗದಗಳಲ್ಲಿ ಮದುವೆ, ಬಾಣಂತನ, ಎತ್ತು ಕೊಂಡದ್ದು, ಬೀಗರ ಮುನಿಸು ಎಲ್ಲ ಇತ್ತು. ಯಾರೊಬ್ಬರೂ ಸತ್ತ ಸುದ್ದಿ ಮಾತ್ರ ಇರಲಿಲ್ಲ. ಪಕ್ಕದಲ್ಲಿ ಕೂತು ಫೋಟೊದಲ್ಲಿದ್ದವರ ಹೆಸರು ಹೇಳುತ್ತಿದ್ದ ಸಾಹುಕಾರರ ತಾಯಿಯನ್ನು ಕೇಳಿದೆ.

"ಸತ್ತ ಸುದ್ದಿ ಕಾಗದ ಯಾರರ ಮನ್ಯಾಗ ಇಟ್ಕೊಂತಾರೇನಪ್ಪ? ಓದಿದ ಕೂಡ್ಲೆ ಹರದು ಒಗಿತಿದ್ವಿ."

ಐದನೆಯ ದಿನ, ಮುನಿರಾಬಾದ್ ಡ್ಯಾಮಿನ ಮುಂದೆ ತೆಗೆಸಿದ ಫೋಟೊದ ಹಿಂದೆ ಅಂಟಿಕೊಂಡಿದ್ದ ಅಂಚೆ ಕಾರ್ಡೊಂದು ಸಿಕ್ಕಿತು. ರೂಢಿಯಂತೆ ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಓದಿದೆ. ಯಲಬುರ್ಗಾಕ್ಕೆ ಕೊಟ್ಟಿದ್ದ, ಈ ತಾಯಿಯ ತಂಗಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕಾರ್ಡನ್ನು ಅವರ ಕೈಗೆ ಕೊಟ್ಟೆ.

ಅವರು ಚಾಳೀಸು ಹಾಕಿಕೊಂಡು ಎರಡು ಸಲ ಓದಿದರು. "ಆಗ ನಾನೂ ಬಸರಿದ್ದೆ. ನನಗ ಗೊತ್ತಾಗಬಾರದಂತ ನಮ್ಮ ಯಜಮಾನ್ರು ಮುಚ್ಚಿಟ್ಟಾರ. ಹಡದ ಮ್ಯಾಲೆ ನನಗ ಹೇಳಿದ್ರು, ಕಾರ್ಡು ಹರಿಯೂದು ಮರ್ತಾರ" ಎಂದರು. ಕಾರ್ಡನ್ನು ನಾಲ್ಕು ಚೂರು ಮಾಡಿ ಹೊರಗೆ ಒಗೆದು, ಕೈ ತೊಳೆದುಕೊಂಡು ಬಂದು ಕೂತರು.

"ಹೂಂ, ಮುಂದಿಂದು ತೋರ್ಸು."

ಸಂಜೆ ಸಾಹುಕಾರರು ಬಂದು, "ಎಲ್ಲಾ ಬಂದಾವಲ್ರಿ?" ಎಂದರು. "ಬಂದಾವ್ರಿ" ಎಂದೆ. ಮುದುಕಿ ನನ್ನ ಕಡೆ ನೋಡಿ ಸಮಾಧಾನದಿಂದ ತಲೆಯಾಡಿಸಿದರು.

ಅವರು ಮನೆಯಿಂದ ಹೊರಗೆ ಹಾಕಿದ ಆ ಸುದ್ದಿ ಈಗ ಮೂವರು ಮಕ್ಕಳ ಮನೆಯಲ್ಲೂ ಒಂದೊಂದಿದೆ.