ಚಾಚಾನ ಎಡಗೈ ಜೇಬು

ಅವರ ಎಡಗೈಯನ್ನು ನಾನು ಎಷ್ಟೋ ದಿನ ನೋಡಿರಲೇ ಇಲ್ಲ. ಸಿರಾದಲ್ಲಿ ನನ್ನ ಹೊಲಿಗೆ ಅಂಗಡಿಗೂ ಅವರ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಯಾವಾಗ ಇಣುಕಿದರೂ ಬಲಗೈಯೊಂದೇ ಕೆಲಸ ಮಾಡುತ್ತಿರುತ್ತಿತ್ತು. ಎಡಗೈ ಜುಬ್ಬಾದ ಜೇಬಿನೊಳಗೆ ಮಣಿಕಟ್ಟಿನವರೆಗೂ ಇಳಿದಿರುತ್ತಿತ್ತು. ಕೈಗೇನೋ ಆಗಿರಬೇಕು ಪಾಪ ಎಂದುಕೊಂಡಿದ್ದೆ. ಒಂದು ದಿನ ಅವರು ಜುಬ್ಬಾದ ಬಟ್ಟೆ ತಂದು ಎರಡೂ ಕೈಯಿಂದ ಬಿಡಿಸಿ ನನ್ನ ಮೇಜಿನ ಮೇಲೆ ಹಾಸಿದಾಗ ಬೆಚ್ಚಿಬಿದ್ದೆ. ಬಲಗೈ ಬೆರಳುಗಳ ತುಂಬ ಸುಟ್ಟ ಕಲೆ. ಎಡಗೈ ಮಾತ್ರ ಮದುಮಗನ ಕೈಯಂತೆ ನುಣ್ಣಗಿತ್ತು.

"ಎಡಗಡೆ ಜೇಬು ಆಳ ಇರ್ಬೇಕು ಬೇಟಿ. ಕೈ ಇಟ್ರೆ ತಾನಾಗೇ ಈಚೆ ಬರ್ಬಾರ್ದು."

"ಬಲಗಡೆ?"

"ಬಲಗಡೆ ಬ್ಯಾಡ."

ಗಂಡಸರ ಬಟ್ಟೆ ಹೊಲಿಯುವುದಿಲ್ಲ ಎಂದು ಬೋರ್ಡು ತೂಗುಹಾಕಿಕೊಂಡವಳು ನಾನು. ಆದರೂ ಕಾರಣ ತಿಳಿಯುವ ಚಪಲಕ್ಕೆ ಒಪ್ಪಿಕೊಂಡೆ. ಅಂದಿನಿಂದ ಅವರ ಜುಬ್ಬಾಗಳೆಲ್ಲ ನನ್ನ ತಲೆಗೇ ಬಂದವು, ಅವರನ್ನು ಚಾಚಾ ಎಂದು ಕರೆಯುವುದೂ ಅಲ್ಲಿಂದಲೇ ಶುರುವಾಯಿತು.

ಚಾಚಾ ರಿಪೇರಿ ಮಾಡುತ್ತಿದ್ದದ್ದು ವಾಲ್ವ್ ಸೆಟ್ಟುಗಳನ್ನು. ಒಳಗೆ ಗಾಜಿನ ವಾಲ್ವ್‌ಗಳು ಕೆಂಪಗೆ ಉರಿಯುವ, ಎತ್ತಿದರೆ ಸೊಂಟ ಹಿಡಿಯುವ ಹಳೆಯ ಆಂಪ್ಲಿಫೈಯರ್‌ಗಳು. ಈ ಕಾಲದಲ್ಲೂ ಅವು ಬರುತ್ತಿದ್ದವು. ಪಾವಗಡದ ಕಡೆಯ ನಾಟಕದವರು, ಚನ್ನರಾಯನದುರ್ಗದ ಭಜನೆಯವರು, ಹೊಸ ಸೆಟ್ಟಿನಲ್ಲಿ ದನಿಗೆ ಮೈಯಿಲ್ಲ ಎನ್ನುವವರು ಹೊತ್ತುಕೊಂಡು ಬರುತ್ತಿದ್ದರು. ಅವರ ಮೇಜಿನ ಮೇಲೆ ಸಾಲ್ಡರಿಂಗ್ ಐರನ್, ಮೀಟರು, ವಾಲ್ವ್ ತಟ್ಟಿ ನೋಡುವ ಪೆನ್ಸಿಲ್ಲು, ಎಲ್ಲಕ್ಕೂ ಅದರದರ ಜಾಗ. ಎಲ್ಲಕ್ಕಿಂತ ಬಲಗಡೆ, ಕೈಗೆಟುಕುವಂತೆ ಒಂದು ಬಿದಿರುಕೋಲು. ಅದಕ್ಕೊಂದು ಕೆಂಪು ಜೀರೋ ಬಲ್ಬು ಕಟ್ಟಿತ್ತು. ಬಲ್ಬಿನ ಒಂದು ವೈರು ಕೋಲಿನ ತುದಿಯ ತಾಮ್ರದ ಕಡ್ಡಿಗೆ, ಇನ್ನೊಂದು ಹಲ್ಲಿರುವ ಕ್ಲಿಪ್ಪಿಗೆ. ನನ್ನ ಕತ್ತರಿಯಲ್ಲಿ ಯಾರಾದರೂ ಕಾಗದ ಕತ್ತರಿಸಿದರೆ ನಾನು ಮಾರಿಯಾಗುತ್ತೇನೆ. ಚಾಚಾನಿಗೆ ಆ ಕೋಲು ಹಾಗೆ.

ಅವರದೊಂದು ಕ್ರಮವಿತ್ತು. ಸೆಟ್ಟಿನ ಪ್ಲಗ್ ಕೀಳುವುದು, ನೇರ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಟೀ ಕುಡಿಯುವುದು. ಆಗಲೂ ಎಡಗೈ ಜೇಬಿನಲ್ಲೇ. ಆಮೇಲೆ ಹೋಗಿ ಕ್ಲಿಪ್ಪನ್ನು ಸೆಟ್ಟಿನ ತಗಡಿಗೆ ಕಚ್ಚಿಸಿ, ಕೋಲಿನ ತುದಿಯನ್ನು ಒಳಗೆ ಮುಟ್ಟಿಸುವುದು. ಪ್ಲಗ್ ಕಿತ್ತ ಸೆಟ್ಟಿನಿಂದ ಕೆಂಪು ಬಲ್ಬು ಮಿಣ್ಣನೆ ಹತ್ತಿ, ಆರುತ್ತಿತ್ತು. "ಮಲಗ್ತು," ಎನ್ನುತ್ತಿದ್ದರು. ಗೋಡೆಯಾಚೆಯಿಂದ ಆ ಮಾತು ಕೇಳಿದ ಮೇಲೇ ನನಗೂ ಮಿಷನ್ ತುಳಿಯಲು ಸಮಾಧಾನ.

ಮೊದಲ ಸಲ ನೋಡಿದಾಗ ನನ್ನ ಮೈ ಜುಮ್ಮೆಂದಿತ್ತು. "ಕರೆಂಟೇ ಇಲ್ವಲ್ಲ ಚಾಚಾ, ಎಲ್ಲಿಂದ ಬಂತು?" ಎಂದೆ.

"ಒಳಗೆ ಕಂಡೆನ್ಸರ್ ಅಂತ ಐತೆ. ಕುಡಿದಿದ್ದನ್ನ ಇಟ್ಕೊಂಡಿರ್ತೈತೆ. ನಂಗೆ ಕೆಲ್ಸ ಕಲಿಸಿದ ಉಸ್ತಾದ್ ಕೈ ಹಾಕಿದ್ದೂ ಪ್ಲಗ್ ಕಿತ್ತ್‌ಮ್ಯಾಲೇ." ಕೋಲನ್ನು ಅದರ ಜಾಗಕ್ಕಿಟ್ಟು ಹೇಳಿದರು: "ಒಂದು ಕೈ ಇಟ್ರೆ ಕೈ ಸುಡ್ತೈತೆ. ಎರಡೂ ಇಟ್ರೆ ಎದೆ ದಾಟ್ಕೊಂಡು ಹೋಗ್ತೈತೆ ಬೇಟಿ. ಉಸ್ತಾದ್ ಹೋದಾಗ ನಾನು ಎದುರಿಗೇ ಕೂತಿದ್ದೆ."

ಜೇಬಿನ ಕಾರಣ ಹಾಗೆ ತಿಳಿಯಿತು. ಮುಂದಿನ ಜುಬ್ಬಾದ ಜೇಬಿಗೆ ಕೇಳದೆಯೇ ಎರಡು ಸುತ್ತು ಹೊಲಿಗೆ ಹಾಕಿದೆ.

ಒಮ್ಮೆ ಹುಲಿಕುಂಟೆ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಸೆಟ್ಟು ತಂದರು. ಅದರ ಮೇಲೆ ನಿಂಬೆಹಣ್ಣು ಕಟ್ಟಿತ್ತು. ಅಜ್ಜಿಯ ಗಂಡ ಊರ ಮದುವೆಗಳಿಗೆಲ್ಲ ಮೈಕಿನಲ್ಲಿ ಕೂಗುತ್ತಿದ್ದವರು, ತೀರಿಕೊಂಡಿದ್ದರು. ಮಗ ಮಾತ್ರ ಒಳಕ್ಕೇ ಬರಲಿಲ್ಲ, ಹೊಸ್ತಿಲಾಚೆ ನಿಂತೇ ಹೇಳಿದ: "ಮೈಕು ಸಿಕ್ಕಿಸ್ದೇ ಇದ್ರೂ ಮಾತಾಡ್ತೈತೆ ಕಣಣ್ಣ. ನಾವು ಏನಂದ್ರೆ ಅದೇ ಅಂತೈತೆ. ಅಪ್ಪಯ್ಯ ಇದ್ರಾಗೇ ಉಳ್ಕೊಂಡ್‌ಬುಟ್ಟವ್ನೆ."

ಚಾಚಾ ನಗಲಿಲ್ಲ. ಸೆಟ್ಟಿಗೆ ಕೊಂಬಿನ ಸ್ಪೀಕರು ಸಿಕ್ಕಿಸಿ ಹಚ್ಚಿ, ವಾಲ್ವ್‌ಗಳು ಕಾಯುವವರೆಗೆ ಕಾದು, ಪೆನ್ಸಿಲ್ಲಿನಿಂದ ಒಂದೊಂದನ್ನೇ ಮೆಲ್ಲಗೆ ತಟ್ಟಿದರು. ಒಂದನ್ನು ತಟ್ಟಿದಾಗ ಕೊಂಬಿನಲ್ಲಿ ಗಂಟೆ ಹೊಡೆದ ಹಾಗೆ ಟಣ್ ಎಂದಿತು. ಬಗ್ಗಿ ಅದರ ಹತ್ತಿರ ಬಾಯಿಟ್ಟು, "ಏನಜ್ಜ?" ಎಂದರು. ಕೊಂಬಿನಿಂದ ಬಾವಿಯೊಳಗಿನ ದನಿಯಲ್ಲಿ "ಏನಜ್ಜ" ಎಂದು ತಿರುಗಿ ಬಂತು. ಬಾಗಿಲಲ್ಲಿ ನಿಂತಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಇದರೊಳಗಿನ ತಂತಿ ಸಡ್ಲ ಆಗೈತೆ, ಅಷ್ಟೇಯ. ಹತ್ರ ಮಾತಾಡಿದ್ರೆ ಅದುರ್ತೈತೆ, ಅದೇ ದನಿಯಾಗಿ ಈಚೆ ಬರ್ತೈತೆ," ಎಂದು ವಾಲ್ವ್ ಬದಲಿಸಿದರು.

ಅಜ್ಜಿ ಕೈ ಚಾಚಿತು. "ಅದನ್ನ ನಂಗೆ ಕೊಟ್ಬುಡು ಕಣಪ್ಪ. ಅವ್ರ ಮಾತೆಲ್ಲ ಕೇಳೈತೆ ಅದು."

ಚಾಚಾ ನನ್ನ ಕಡೆ ನೋಡಿದರು. ರವಿಕೆಯ ತುಂಡಿನಲ್ಲಿ ಒಂದು ಚೀಲ ಹೊಲಿದುಕೊಟ್ಟೆ. ಅಜ್ಜಿ ಹಳೆಯ ವಾಲ್ವನ್ನು ಅದರಲ್ಲಿಟ್ಟು ಮಡಿಲಿಗೆ ಹಾಕಿಕೊಂಡು ಹೋಯಿತು. ಅವರು ಹೋದ ಮೇಲೆ ಕೇಳಿದೆ: "ನಿಜ ಹೇಳಿ ಚಾಚಾ, ದೆವ್ವ ಗಿವ್ವ ಇರ್ತಾವಾ?"

"ದೆವ್ವ ಗೊತ್ತಿಲ್ಲ ಬೇಟಿ. ಕರೆಂಟು ಹೋದ್‌ಮ್ಯಾಲೂ ಒಳಗೆ ಉಳ್ಕೊಳ್ಳೋದು ಮಾತ್ರ ಗೊತ್ತು," ಎಂದು ಟೀ ಹೀರಿದರು.

ಚಾಚಾ ಹೋದದ್ದು ಒಂದು ಮಧ್ಯಾಹ್ನ, ನನ್ನ ಸ್ಟೂಲಿನ ಮೇಲೆ. ಪ್ಲಗ್ ಕಿತ್ತು ಬಂದಿದ್ದರು. "ಕಂಡೆನ್ಸರ್ ಹೊಸಾದು ಹಾಕಿ ಕರೆಂಟು ಕೊಟ್ಟು ನೋಡಿದೀನಿ. ಜೋರೈತೆ, ದಿನಗಟ್ಲೆ ಹಿಡ್ಕೊಂಡಿರ್ತೈತೆ," ಎಂದರು. ಅರ್ಧ ಟೀ ಕುಡಿದು ಗ್ಲಾಸು ಕೆಳಗಿಟ್ಟು ಗೋಡೆಗೆ ಒರಗಿದರು. ಜೇಬಿನಿಂದ ಎಡಗೈ ಮೆಲ್ಲಗೆ ಜಾರಿ ಈಚೆ ಬಂತು. ನಾನು ಹೊಲಿದ ಜೇಬಿನಿಂದ ಆ ಕೈ ತಾನಾಗಿ ಬಂದದ್ದನ್ನು ಎಂದೂ ನೋಡಿರಲಿಲ್ಲ. ಕೂಗಿದೆ, ಅಲುಗಾಡಿಸಿದೆ, ಬೀದಿಯವರೆಲ್ಲ ಸೇರಿದರು. ಯಾರೋ ಅವರ ಅಂಗಡಿಯ ಶೆಟರ್ ಎಳೆದರು.

ಆ ಶೆಟರ್ ಮುಚ್ಚಿದ್ದಷ್ಟು ದಿನ ನನಗೆ ಹೊಲಿಗೆ ಕೂರಲಿಲ್ಲ. ಅಳು ಬರುತ್ತಿತ್ತು, ಅದು ಸರಿ. ಆದರೆ ಗೋಡೆಯ ಕಡೆಗೆ ಬೆನ್ನು ಹಾಕಿ ಕೂರಲು ಭಯವಾಗುತ್ತಿತ್ತು. ಆಚೆ ಯಾರೋ ಎಚ್ಚರವಾಗಿ ಕೂತಿರುವ ಹಾಗೆ ಅನಿಸುತ್ತಿತ್ತು. ಯಾಕೆಂದು ತಿಳಿಯದೆ ನನ್ನನ್ನೇ ಬೈದುಕೊಂಡೆ.

ಗೋರಿಯ ಬಳಿ ಮೂರನೇ ದಿನದ ಜಿಯಾರತ್ ಪ್ರಾರ್ಥನೆ ಮುಗಿಸಿ ಅವರ ಮಗಳೂ ಮಧುಗಿರಿಯ ಅಳಿಯನೂ ಅಂಗಡಿ ತೆಗೆದರು. ನಾನೂ ಹೋಗಿ ನಿಂತೆ. ಮೇಜಿನ ಮೇಲೆ ಒಂದು ಸೆಟ್ಟು ಹೊಟ್ಟೆ ಮೇಲಾಗಿ ಮಲಗಿತ್ತು. ವಾಲ್ವ್‌ಗಳನ್ನು ಬಿಚ್ಚಿ ಪಕ್ಕದಲ್ಲಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಬಿದಿರುಕೋಲು ತನ್ನ ಜಾಗದಲ್ಲೇ ಇತ್ತು. ಅದನ್ನು ಕಂಡ ಕೂಡಲೇ ಇಷ್ಟು ದಿನ ನನ್ನನ್ನು ಕಾಡಿದ್ದು ಏನೆಂದು ಗೊತ್ತಾಯಿತು. ಅಂದು ಗೋಡೆಯಾಚೆಯಿಂದ "ಮಲಗ್ತು" ಎಂಬ ಮಾತನ್ನು ನಾನು ಕೇಳಿರಲಿಲ್ಲ.

ಸೆಟ್ಟನ್ನು ಎತ್ತಿಕೊಳ್ಳಲೆಂದು ಅಳಿಯ ಒಂದು ಕೈಯಿಂದ ತಗಡನ್ನು ಹಿಡಿದು, ಇನ್ನೊಂದು ಕೈಯನ್ನು ಒಳಕ್ಕೆ ಹಾಕುತ್ತಿದ್ದ.

"ಕೈ ತೆಗಿಯಪ್ಪಾ!" ಕಿರುಚಿದೆ.

ಅವನು ತಿರುಗಿ ನೋಡಿದ. "ಪ್ಲಗ್ ಕಿತ್ತೈತಲ್ಲಕ್ಕ, ಏನಾಗ್ತೈತೆ?"

"ನಿಮ್ಮ ಮಾವ ಇನ್ನೂ ಮಲಗಿಸಿಲ್ಲ. ತೆಗಿ ಅಂದ್ರೆ ತೆಗಿ!"

ನನ್ನ ಮುಖ ನೋಡಿಯೋ ಏನೋ, ಎರಡು ಹೆಜ್ಜೆ ಹಿಂದೆ ಸರಿದ. ನನ್ನ ಸೀರೆಗೆ ಜೇಬಿಲ್ಲ. ಎಡಗೈಯನ್ನು ಬೆನ್ನ ಹಿಂದೆ ಸೊಂಟದ ಸೆರಗಿಗೆ ಸಿಕ್ಕಿಸಿಕೊಂಡೆ. ಬಲಗೈಯಲ್ಲಿ ಕ್ಲಿಪ್ಪನ್ನು ತಗಡಿಗೆ ಕಚ್ಚಿಸಿ, ಕೋಲೆತ್ತಿ, ಅವರು ಮುಟ್ಟಿಸುತ್ತಿದ್ದ ಜಾಗಕ್ಕೆ ಮುಟ್ಟಿಸಿದೆ.

ಕೆಂಪು ಬಲ್ಬು ಹತ್ತಿತು. ಯಜಮಾನನಿಲ್ಲದ ಅಂಗಡಿಯಲ್ಲಿ, ಯಾವ ತಂತಿಗೂ ಸೇರದ ಸೆಟ್ಟಿನಿಂದ, ನಮ್ಮ ಮೂವರ ಮುಖದ ಮೇಲೂ ಒಂದು ಕ್ಷಣ ಕೆಂಪು ಆಡಿ ಆರಿತು. "ಯಾ ಅಲ್ಲಾ," ಎಂದಳು ಮಗಳು. ಅಳಿಯ ತನ್ನೆರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ.

"ಮಲಗ್ತು," ಎಂದೆ.

ಗೋಡೆಯಾಚೆ ನನ್ನ ಸ್ಟೂಲಿನ ಮೇಲೆ ಯಾರೂ ಇಲ್ಲವೆಂದು ಗೊತ್ತಿತ್ತು. ಆದರೂ ಅಲ್ಲಿಗೆ ಕೇಳಲಿ ಎಂದು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.