ಸ್ಟೂಲಿನ ಮೇಲಿನ ಸೀರೆ

ಯಾರಾದರೂ ದೆವ್ವ ಕಂಡೆ ಅಂದರೆ, ಮಧ್ಯಾಹ್ನ ಸರಿಯಾಗಿ ಊಟ ಮಾಡಿದ್ದಿರಾ ಅಂತ ಕೇಳುವವಳು ನಾನು. ಹಸಿವೋ, ಪಿತ್ತವೋ, ನಿದ್ದೆಗೇಡೋ ಏನೋ ಒಂದು ಇದ್ದೇ ಇರುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಆದ್ದರಿಂದ ಈಗ ಹೇಳುವ ಸಂಗತಿ ನಡೆದ ದಿನ ನಾನು ಹೊಟ್ಟೆ ತುಂಬ ಉಂಡಿದ್ದೆ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದೆ, ಹೊತ್ತು ಇನ್ನೂ ಮುಳುಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮನೆಯವರು ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ಮೇಷ್ಟ್ರು. ಇಲ್ಲಿಯ ಮಲಯಾಳ ಮಾತಿನಲ್ಲಿ ಎಲ್ಲರಿಗೂ ‘ಮಾಷ್’. ಅವರು ಆಡಿಸುವುದು ಪ್ರಯೋಗದ ನಾಟಕ. ಒಂದರಲ್ಲಿ, ನೋಡಲು ಬಂದವರೆಲ್ಲ ರಂಗಕ್ಕೆ ಬೆನ್ನು ಹಾಕಿ ಕೂರಬೇಕು ಅಂದರು. ಹೇಗೂ ತಿರುಗಿದ್ದೇವಲ್ಲ ಅಂತ ಅರ್ಧ ಜನ ಹಾಗೇ ಎದ್ದು ಮನೆಗೆ ಹೋದರು. ಇನ್ನೊಂದರಲ್ಲಿ ನಟರು ಮಾತೇ ಆಡದೆ ಉದ್ದಕ್ಕೂ ಈರುಳ್ಳಿ ಹೆಚ್ಚಿದರು. ಅವರ ನಾಟಕ ನೋಡಿ ಜನ ಅತ್ತದ್ದು ಅದೊಂದರಲ್ಲೇ. ಮಿಕ್ಕ ಈರುಳ್ಳಿಯನ್ನು ಹುಳಿ, ಪಲ್ಯ, ಬಜ್ಜಿ ಅಂತ ಮನೆಯಲ್ಲಿ ಮುಗಿಸುವಷ್ಟರಲ್ಲಿ ನನಗೂ ಅಳು ಬಂದಿತ್ತು. ಆದರೂ ಅವರ ವಿದ್ಯಾರ್ಥಿಗಳಿಗೆ ಮಾಷ್ ಅಂದರೆ ಪ್ರಾಣ.

ಆ ವರ್ಷ ವಿಭಾಗಕ್ಕೇ ಕುತ್ತು ಬಂತು. ಸೇರುವ ಮಕ್ಕಳು ಕಡಿಮೆ, ಆಡುವ ನಾಟಕ ಯಾರಿಗೂ ಅರ್ಥವಾಗುವುದಿಲ್ಲ ಅಂತ ದೂರು. ಒಂದು ಸಮಿತಿ ಬಂದು ನಾಟಕ ನೋಡುವುದು, ಅವರಿಗೆ ಹಿಡಿಸದಿದ್ದರೆ ವಿಭಾಗ ಮುಚ್ಚಿ ನಮ್ಮನೆಯವರನ್ನು ಕಲ್ಪೆಟ್ಟದಲ್ಲಿ ಪರೀಕ್ಷೆಯ ಕೆಲಸಕ್ಕೆ ಹಾಕುವುದು ಅಂತಾಯಿತು. ಉತ್ತರಪತ್ರಿಕೆ ಕಟ್ಟುತ್ತಾ ಕೂತರೆ ಈ ಮನುಷ್ಯ ಒಣಗಿಹೋಗುತ್ತಾರೆ ಅಂತ ನನಗೆ ಗೊತ್ತಿತ್ತು. ಆಗಲೇ ತಟ್ಟೆಯಲ್ಲಿ ಅನ್ನ ಗುಡ್ಡೆ ಮಾಡುವುದು, ಗುಡ್ಡೆ ಒಡೆಯುವುದು, ತಿನ್ನದೆ ಏಳುವುದು ಶುರುವಾಗಿತ್ತು.

ನಾಟಕಕ್ಕೆ ಗೊತ್ತಾದದ್ದು ಮರಕ್ಕಡವಿನಲ್ಲಿ ಹೊಳೆಯ ದಡಕ್ಕಿದ್ದ ಸಿದ್ದಮ್ಮನ ಗದ್ದೆ. ಕೊಯ್ಲು ಮುಗಿದು ಕೂಳೆ ಉಳಿದಿತ್ತು. ಸಿದ್ದಮ್ಮ ನಮ್ಮ ಕಡೆಯವಳೇ, ನನಗೆ ಕನ್ನಡದಲ್ಲಿ ಹರಟಲು ಸಿಗುವವಳು. ನಾಟಕದಲ್ಲಿ ಒಬ್ಬ ಮುದಿ ಅಮ್ಮ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿರುತ್ತಾಳೆ. ಮನೆಮಂದಿ ಒಬ್ಬೊಬ್ಬರಾಗಿ ಬಂದು ಸುಳ್ಳು ಹೇಳಿ ಹೋಗುತ್ತಾರೆ. ಅಮ್ಮ ತುಟಿ ಬಿಚ್ಚುವುದಿಲ್ಲ. ಅಷ್ಟೇ ನಾಟಕ.

ಸಮಿತಿಯವರು, ಅವರಿಗೆಲ್ಲ ಹಿರಿಯರಾದ ದೊಡ್ಡ ಮೇಡಂ ಸಮೇತ, ಬಂದು ಮುಂದಿನ ಸಾಲಿನಲ್ಲಿ ಕೂತಾಯಿತು. ಅಮ್ಮನ ಪಾತ್ರದ ಶೈಲಜಾಳ ಸುಳಿವಿಲ್ಲ. ಕಲ್ಲೂರಿನ ಹುಡುಗಿ, ಬಸ್ಸಿನಿಂದಲೇ ಫೋನು ಮಾಡಿದಳು.

“ಮಾಷ್, ರೋಡಲ್ಲಿ ಆನೆ ನಿಂತಿದೆ.”

“ಎಷ್ಟು ಹೊತ್ತು ನಿಲ್ಲುತ್ತಂತೆ?”

“ನಾನು ಕೇಳಿಲ್ಲ ಮಾಷ್.”

ನಮ್ಮನೆಯವರ ತಂಡದಲ್ಲಿ ಒಂದು ರೂಢಿಯಿದೆ. ತಾಲೀಮಿಗೆ ಯಾರಾದರೂ ಬಾರದಿದ್ದರೆ ಅವರ ಪಾತ್ರದ ಬಟ್ಟೆಯನ್ನು ಸ್ಟೂಲಿನ ಮೇಲಿಡಬೇಕು. ಉಳಿದವರೆಲ್ಲ ಬಂದು ಆ ಪಾತ್ರವನ್ನು ಬಾ, ಕೂತ್ಕೊ ಅಂತ ಮನಸಾರೆ ಕರೆಯಬೇಕು. ಆಮೇಲೆ ಅವರು ಕೂತಿದ್ದಾರೆ ಅಂತಲೇ ಆಡಬೇಕು. ನಮ್ಮನೆಯವರು ಒಂದು ಗಳಿಗೆ ಹೊಳೆಯ ಕಡೆ ನೋಡಿ, “ಸೀರೆ ಇಡಿ” ಅಂದುಬಿಟ್ಟರು.

“ಅಯ್ಯೋ, ಇವತ್ತು ಬೇಡ ಕಣ್ರೀ. ಆ ದೊಡ್ಡ ಮೇಡಂ ಎದ್ದು ಹೋಗ್ತಾರೆ” ಅಂದೆ.

“ಇಲ್ಲದೆ ಇರೋದೂ ಒಂದು ಪಾತ್ರವೇ.”

“ಅದನ್ನ ಕಲ್ಪೆಟ್ಟದಲ್ಲಿ ಕೂತ್ಕೊಂಡು ಹೇಳಿ.”

ಕೇಳಲಿಲ್ಲ. ಜನಕ್ಕೆ ಕಾಣದ ಹಾಗೆ ಪರದೆ ಹಿಡಿಸಿ, ಸ್ಟೂಲಿನ ಮೇಲೆ ನನ್ನದೇ ಹಳೇ ಕಂದು ಸೀರೆ, ಮುಂದೆ ಮೊರದ ತುಂಬ ಅವರೆಕಾಯಿ ಇಡಿಸಿದರು. ಹುಡುಗರು ಒಬ್ಬೊಬ್ಬರೇ ಕೈಮುಗಿದು “ಅಮ್ಮೇ ವರೂ, ಇರಿಕ್ಕೂ” ಅಂತ ಕರೆದು ಬಂದರು. ಅವತ್ತು ಅವರ ದನಿಯಲ್ಲಿ ನಿಜವಾದ ಭಯವಿತ್ತು. ಕರೆದದ್ದು ನಾಟಕದ ಹಾಗೆ ಕೇಳಿಸಲಿಲ್ಲ.

ನಾವಿಬ್ಬರೂ ಬಿದಿರಿನ ತಟ್ಟಿಯ ಹಿಂದೆ ನಿಂತು ಸಂದಿಯಲ್ಲಿ ನೋಡುತ್ತಿದ್ದೆವು. ನಾನು ಕಂಡದ್ದು ಸ್ಟೂಲು ಮತ್ತು ಸೀರೆ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಜನ ಮಾತ್ರ ಎಂದಿನಂತೆ ಇರಲಿಲ್ಲ. ಕೆಮ್ಮಿಲ್ಲ, ಆಕಳಿಕೆಯಿಲ್ಲ. ಯಾರೂ ಏನೂ ಮಾಡದ ಜಾಗದಲ್ಲಿ ಗೊಳ್ಳೆಂದು ನಕ್ಕರು. ಕೊನೆಗೆ ಈರುಳ್ಳಿಯ ಹಂಗಿಲ್ಲದೆ ಕಣ್ಣೊರೆಸಿಕೊಂಡರು. ನಮ್ಮನೆಯವರು ಒಂದೇ ಸಮನೆ ಉಗುರು ಕಚ್ಚುತ್ತಾ, “ಇವರಿಗೇನಾಗಿದೆ?” ಅಂತ ನನ್ನನ್ನು ಕೇಳಿದರು.

ಮುಗಿದದ್ದೇ ಸಿದ್ದಮ್ಮ ತಟ್ಟಿಯ ಹಿಂದಕ್ಕೆ ನುಗ್ಗಿದಳು.

“ಅಕ್ಕಾ, ಆ ಅಜ್ಜೀನ ಎಲ್ಲಿಂದ ಹಿಡ್ಕೊಂಡು ಬಂದ್ರಿ?”

“ಯಾವ ಅಜ್ಜಿ?”

“ಕಾಯಿ ಸುಲೀತಿದ್ಲಲ್ಲ! ಒಬ್ಬೊಬ್ರು ಸುಳ್ಳು ಹೇಳ್ದಾಗ್ಲೂ ಒಂದೊಂದು ತರ ಮೂತಿ ತಿರುವ್ತಿದ್ಲು. ನಮ್ಮತ್ತೆ ಜ್ಞಾಪ್ಕ ಬಂದ್ರು. ಮಧ್ಯದಲ್ಲಿ ತಟ್ಟಿ ಕಡೆ ಕತ್ತು ತಿರುಗ್ಸಿ, ಮಾಷ್ರು ಹಿಂಗೆ ಉಗುರು ಕಚ್ಚೋದನ್ನ ಮಾಡಿ ತೋರ್ಸಿದ್ಲು ನೋಡಿ, ನಗಾಡಿ ನಗಾಡಿ ಹೊಟ್ಟೆ ಹಿಡ್ಕೊಂಡೆ!”

ತಟ್ಟಿಯ ಆಚೆ ಕೂತವರಿಗೆ ನಮ್ಮನೆಯವರ ಉಗುರು ಕಾಣುವ ಹಾಗೇ ಇರಲಿಲ್ಲ. ಅವರು ಬಾಯಿಂದ ಬೆರಳು ತೆಗೆದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಅಷ್ಟರಲ್ಲಿ ಶೈಲಜಾ ಜೀಪಿನಿಂದಿಳಿದು ಅಳುತ್ತಾ ಓಡಿಬಂದಳು. ಸಿದ್ದಮ್ಮ ಅವಳನ್ನು ನೋಡಿ, “ಇವಳಲ್ಲ ಬಿಡಿ. ಇವಳಿಗಿನ್ನೂ ಹಾಲುಗಲ್ಲ” ಅಂದಳು. ಆನೆ ಏನಾಯಿತು ಅಂತ ಕೇಳಲು ಯಾರಿಗೂ ನೆನಪಾಗಲಿಲ್ಲ.

ಹಿಂದೆಯೇ ಸಮಿತಿಯ ದೊಡ್ಡ ಮೇಡಂ ಬಂದರು. ಆ ಹಿರಿಯ ಕಲಾವಿದೆಯ ಹೆಸರೇನು, ಒಮ್ಮೆ ಕರೆಯಿರಿ, ಕೈ ಹಿಡಿದು ಮಾತಾಡಿಸಬೇಕು ಅಂದರು. ದೂರದ ನೆಂಟರು ಮೇಡಂ, ದೋಣಿ ಹತ್ತಿ ಆಚೆ ದಡಕ್ಕೆ ಹೋಗಿಬಿಟ್ಟರು ಅಂದರೆ ಮುಗಿಯುತ್ತಿತ್ತು, ವಿಭಾಗ ಉಳಿಯುತ್ತಿತ್ತು. ಹಾಗನ್ನಿ ಅಂತ ನಮ್ಮನೆಯವರ ಜುಬ್ಬ ಹಿಡಿದು ಜಗ್ಗಿದೆ. ಆದರೆ ರಂಗದ ವಿಷಯದಲ್ಲಿ ಈ ಮನುಷ್ಯ ಸುಳ್ಳಾಡಿದವರೇ ಅಲ್ಲ. ಮುಖ ಬಿಳಿಚಿಕೊಂಡು, “ಮೇಡಂ, ಅಲ್ಲಿ ಯಾರೂ ಇರಲಿಲ್ಲ” ಅಂದೇಬಿಟ್ಟರು.

ಮುಗಿಯಿತು ಅಂದುಕೊಂಡೆ. ಮೇಡಂ ನಮ್ಮನೆಯವರನ್ನೇ ದಿಟ್ಟಿಸಿದರು. ಆಮೇಲೆ ಆಕೆಯ ಕಣ್ಣು ತುಂಬಿಬಂತು.

“ನಿಜ ಮಾಷ್. ನಟಿ ಇರಲೇ ಇಲ್ಲ, ಅಮ್ಮ ಮಾತ್ರ ಇದ್ದಳು. ಇಂಥ ಪಾಠ ಹೇಳುವ ವಿಭಾಗವನ್ನು ಮುಚ್ಚುವುದು ಹೇಗೆ?”

“ಹಾಗಲ್ಲ ಮೇಡಂ, ನಿಜವಾಗಿಯೂ—”

“ಸಾಕು ರೀ” ಅಂತ ಈ ಸಲ ಜೋರಾಗಿಯೇ ಜಗ್ಗಿದೆ. ಜುಬ್ಬದ ಹೊಲಿಗೆ ಬಿಟ್ಟಿತು. ಅದನ್ನು ಮಾರನೇ ದಿನ ಹಾಕಿಕೊಟ್ಟೆ.

ಸಾಮಾನು ಎತ್ತಿಡಲು ಹೋದರೆ ಮೊರದಲ್ಲಿ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ. ಹುಳುಕು ಬೇರೆ ಆರಿಸಿ ತೆಗೆದಿತ್ತು. ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ, ಯಾರೂ ಮೊರ ಮುಟ್ಟಿಲ್ಲ. ಅಷ್ಟು ಚೆನ್ನಾಗಿ ಸುಲಿದ ಕಾಳನ್ನು ಎಸೆಯಲು ಮನಸ್ಸು ಬರದೆ ಮನೆಗೆ ತಂದು ಸಾರು ಮಾಡಿದೆ. ಬಡಿಸುವ ಮುಂಚೆ ಒಂದು ಕಾಳು ನಾನೇ ಬಾಯಿಗೆ ಹಾಕಿಕೊಂಡು ನೋಡಿದೆ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಎಷ್ಟೋ ದಿನದ ಮೇಲೆ ನಮ್ಮನೆಯವರು ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಖಾಲಿ ಸ್ಟೂಲು ಅಂತ ಗೊತ್ತಿದ್ದ ನಮಗ್ಯಾರಿಗೂ ಏನೂ ಕಾಣಲಿಲ್ಲ. ಗೊತ್ತಿಲ್ಲದವರಿಗೆಲ್ಲ ಕಂಡಿತು. ಇಷ್ಟು ಜನಕ್ಕೆ ಒಟ್ಟಿಗೆ ಪಿತ್ತ ಕೆರಳಿತ್ತು ಅನ್ನಲು ನನಗೇ ನಾಚಿಕೆ. ವಿಭಾಗ ಇವತ್ತಿಗೂ ನಡೆಯುತ್ತಿದೆ. ನಮ್ಮನೆಯವರು ಸಿದ್ದಮ್ಮನನ್ನೂ ಅವಳ ನೆರೆಯವರನ್ನೂ ಕಾಡಿ ಬೇಡಿ, ಅಜ್ಜಿ ಹೇಗೆ ಕೂತಿದ್ದಳು, ಕತ್ತು ಹೇಗೆ ತಿರುಗಿಸಿದಳು ಅಂತ ಕೇಳಿ ಕೇಳಿ, ತಾವು ನೋಡದ ಆ ಅಭಿನಯವನ್ನು ಮಕ್ಕಳಿಗೆ ಪಾಠ ಮಾಡುತ್ತಾರೆ. ತಾಲೀಮಿಗೆ ಯಾರಾದರೂ ತಪ್ಪಿಸಿಕೊಂಡರೆ ಈಗ ಅವರಿಗೆ ಒಳಗೊಳಗೇ ಖುಷಿ. ಸೀರೆ ಇಡಿಸಿ, ತಾವು ಹೋಗಿ ಜನ ಕೂರುವ ಕಡೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡುತ್ತಾರೆ. ಮನೆಗೆ ಬಂದಾಗ ನಾನು ಮುಖ ನೋಡಿಯೇ ತಿಳಿದುಕೊಳ್ಳುತ್ತೇನೆ.

“ಯಾಕೆ ಬರ್ತಿಲ್ಲ ಅವಳು?” ಅಂತ ಮೊನ್ನೆಯೂ ಕೇಳಿದರು, ಚಿಕ್ಕ ಮಗುವಿನ ಹಾಗೆ.

ನನಗೇನು ಗೊತ್ತು? ಬಂದದ್ದು ಯಾರು ಅನ್ನುವುದೇ ನನಗೆ ಇನ್ನೂ ಬಗೆಹರಿದಿಲ್ಲ. ಆದರೆ ಯಾಕೆ ಬರುತ್ತಿಲ್ಲ ಅನ್ನುವುದಕ್ಕೆ ನನ್ನಲ್ಲೊಂದು ಉತ್ತರವಿದೆ, ಅವರ ಮುಂದೆ ಹೇಳಿಲ್ಲ. ನಮ್ಮನೆಯವರ ನಾಟಕಕ್ಕೆ ಎರಡನೇ ಸಲ ಬಂದವರನ್ನು ನಾನು ಇದುವರೆಗೂ ಕಂಡಿಲ್ಲ.